ಬೇಸಿಗೆಯಿಡೀ ಮಲಗುವ ಕಾಡು ಈರುಳ್ಳಿ

ಚಿಕ್ಕಬಳ್ಳಾಪುರದ ಹತ್ತಿರ ನಮ್ಮಪ್ಪ ರೋಸ್ ಈರುಳ್ಳಿ ಬೆಳೆಯುತ್ತಾರೆ. ಹೂವಿಗೋಸ್ಕರ ಈರುಳ್ಳಿ ನೆಡ್ತೀನಿ ಅಂದಾಗ, "ಹೂ ಬಂದ ಈರುಳ್ಳಿ ಯಾರಿಗೆ ಬೇಕಮ್ಮಾ?" ಅಂತ ನಕ್ಕರು.

ನಾನು ನೆಟ್ಟದ್ದು ಅಲಿಯಂ ನಿಯಾಪೊಲಿಟಾನಮ್. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲಿನ ಕಾಡು ಈರುಳ್ಳಿ. 1788ರಲ್ಲಿ ಹೆಸರಿಟ್ಟವರು ಇಟಲಿಯ ನೇಪಲ್ಸ್‌ನ ವೈದ್ಯ ಡೊಮೆನಿಕೊ ಚಿರಿಲ್ಲೊ. ಅವರ ಊರಿನ ಹೆಸರೇ ಗಿಡಕ್ಕೂ ಬಂತು. ಹೂ ಅಚ್ಚ ಬಿಳಿ, ನಕ್ಷತ್ರದ ಹಾಗೆ.

ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಗಿಡ ಚಳಿಯಲ್ಲಿ ಬೆಳೆದು, ಹೂ ಬಿಟ್ಟು, ಬೇಸಿಗೆಯಿಡೀ ಮಣ್ಣಲ್ಲಿ ಮಲಗುತ್ತದೆ. ನಮ್ಮಲ್ಲಿ ಅದು ಮಲಗಿರುವಾಗಲೇ ಮುಂಗಾರು! ಮೊದಲ ವರ್ಷ ಎಲೆ ಒಣಗಿತಲ್ಲ ಅಂತ ಮರುಕಪಟ್ಟು ಮೇ ತಿಂಗಳೆಲ್ಲ ನೀರು ಹಾಕಿದೆ. ಜೂನ್‌ನಲ್ಲಿ ಕೆದಕಿದರೆ ಹನ್ನೆರಡು ಗಡ್ಡೆಯೂ ಕೊಳೆತು ನಾರುತ್ತಿದ್ದವು.

ಹಾಗಾಗಿ ದೀಪಾವಳಿ ಕಳೆದು, ಮಳೆಯ ಜೋರು ಇಳಿದ ಮೇಲೆ ನೆಡಿ. ಎಂಟಿಂಚಿನ ಕುಂಡಕ್ಕೆ ಎಂಟು ಗಡ್ಡೆ ಸಾಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ. ಗೊಬ್ಬರ ಜಾಸ್ತಿ ಬೇಡ. ಚೂಪು ತುದಿ ಮೇಲೆ ಮಾಡಿ, ಮೂರಿಂಚು ಆಳಕ್ಕೆ ಇಡಿ. ಬೆಳಗಿನ ಬಿಸಿಲು ಬೀಳುವ ಸೂರಿನಡಿ ಒಳ್ಳೆಯ ಜಾಗ. ಹಿಂಗಾರಿನ ಮಳೆ ಬಂದರೂ ಕುಂಡ ನೆನೆಯುವುದಿಲ್ಲ. ಮೇಲ್ಮಣ್ಣು ಒಣಗಿದಾಗ ನೀರು ಕೊಡಿ.

ನನ್ನ ಕುಂಡದಲ್ಲಿ ಹೂ ಬಂದದ್ದು ಫೆಬ್ರವರಿ ಕೊನೆಯಲ್ಲಿ. ಎಲೆ, ಹೂ ಎರಡನ್ನೂ ತಿನ್ನಬಹುದು, ಬೆಳ್ಳುಳ್ಳಿಯ ತೆಳು ವಾಸನೆ. ರಾಗಿ ರೊಟ್ಟಿ ಹಿಟ್ಟಿಗೆ ಹೆಚ್ಚಿ ಹಾಕಿದರೆ ಬಲು ರುಚಿ. ಆದರೆ ಕೀಳುವ ಮೊದಲು ಎಲೆ ಹಿಸುಕಿ ಮೂಸಿ ನೋಡಿ. ನಮ್ಮ ಅಂಗಳದ ಬಿಳಿ ಮಳೆ ಲಿಲ್ಲಿಯ ಎಲೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಅದು ವಿಷ. ಅದಕ್ಕೆ ಬೆಳ್ಳುಳ್ಳಿ ವಾಸನೆ ಇರುವುದಿಲ್ಲ. ನಾಯಿ, ಬೆಕ್ಕಿಗಂತೂ ಈ ಈರುಳ್ಳಿಯನ್ನೂ ಕೊಡಬೇಡಿ.

ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಗಡ್ಡೆ ಕಿತ್ತು, ನೆರಳಲ್ಲಿ ಒಣಗಿಸಿ, ನೆಟ್ ಚೀಲದಲ್ಲಿ ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಿ. ಚೀಲಕ್ಕೆ ಒಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ಹೋದ ವರ್ಷ ನಮ್ಮಮ್ಮ ನಾಟಿ ಬೆಳ್ಳುಳ್ಳಿ ಅಂದುಕೊಂಡು ಒಂದು ಹಿಡಿ ಒಗ್ಗರಣೆಗೆ ಹಾಕಿಬಿಟ್ಟಿದ್ದರು.