ಮೂಗಿನಲ್ಲಿ ರಕ್ತ ಬಂದರೆ ತಲೆ ಎತ್ತಿಸಬೇಡಿ, ಬಗ್ಗಿಸಿ

ಮಗುವಿನ ಮೂಗಲ್ಲಿ ರಕ್ತ ಕಂಡ ಕೂಡಲೇ ಸುತ್ತ ಇದ್ದವರೆಲ್ಲ ಕೂಗುವುದು ಒಂದೇ ಮಾತು: ‘ತಲೆ ಮೇಲೆತ್ತು!’ ನಾನೂ ಹಾಗೆ ಮಾಡಿದವಳೇ. ಮಗಳನ್ನು ಅಂಗಾತ ಮಲಗಿಸಿದೆ. ರಕ್ತ ನಿಂತೇಹೋಯಿತು ಅಂದುಕೊಂಡೆ. ಎಲ್ಲಿ ನಿಂತಿತ್ತು? ಗಂಟಲಿಗೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಷ್ಟನ್ನೂ ವಾಂತಿ ಮಾಡಿಕೊಂಡಳು. ಆ ಕೆಂಪು ವಾಂತಿ ನೋಡಿ ನನಗೇ ಕೈಕಾಲು ಬಿದ್ದುಹೋಯಿತು.

ಮೊದಲ ಕೆಲಸ, ಮಗುವನ್ನು ಕೂರಿಸಿ ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ. ಬಾಯಿಗೆ ಬಂದ ರಕ್ತ ಉಗುಳಲಿ, ನುಂಗುವುದು ಬೇಡ.

ಆಮೇಲೆ ಮೂಗು ಹಿಡಿಯುವುದು. ಜಾಸ್ತಿ ಜನ ತಪ್ಪುವುದು ಇಲ್ಲೇ. ಕನ್ನಡಕ ಕೂರುವ ಕಡೆ ಗಟ್ಟಿ ಎಲುಬು ಒತ್ತಿಕೊಂಡು ಕೂತರೆ ಏನೂ ಉಪಯೋಗವಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ರಕ್ತ ಬರುವುದು ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಿಂದ. ಅಲ್ಲಿ ಕೂದಲೆಳೆಯಂಥ ರಕ್ತನಾಳಗಳು ತೆಳು ಪೊರೆಯ ಕೆಳಗೇ ಹೆಣೆದುಕೊಂಡಿವೆ, ಉಗುರು ತಾಗಿದರೂ ಸಾಕು. ನಿಮ್ಮ ಮೂಗನ್ನೇ ಮೇಲಿಂದ ಕೆಳಕ್ಕೆ ಸವರಿ ನೋಡಿ. ಎಲುಬು ಮುಗಿದು ಮೆತ್ತಗಾಗುತ್ತದೆ, ಅಲ್ವಾ? ಅಲ್ಲಿಂದ ಕೆಳಗೆ ಹಿಡಿಯಬೇಕು. ಹೆಬ್ಬೆರಳು, ತೋರುಬೆರಳಿನಲ್ಲಿ ಎರಡೂ ಹೊಳ್ಳೆ ಪೂರ್ತಿ ಮುಚ್ಚಬೇಕು, ರಕ್ತ ಒಂದರಿಂದಲೇ ಬರುತ್ತಿದ್ದರೂ ಸರಿ. ಉಸಿರು ಬಾಯಿಂದ ಆಡಲಿ.

ಗಡಿಯಾರ ನೋಡಿಕೊಂಡು 10 ನಿಮಿಷ. ‘ನಿಂತಿತಾ?’ ಅಂತ ನಡುವೆ ಕೈ ತೆಗೆದಿರೋ, ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಬಿಟ್ಟುಕೊಳ್ಳುತ್ತದೆ, ಮತ್ತೆ ಒಂದರಿಂದ ಎಣಿಸಬೇಕು. ಮಗು ಸುಮ್ನೆ ಕೂರದಿದ್ದರೆ ಮೊಬೈಲ್ ಕೊಡಿ, ಇವತ್ತು ಅದಕ್ಕೆ ಮಾಫಿ.

ಹತ್ತಿಯನ್ನೋ ಟಿಶ್ಯೂವನ್ನೋ ತುರುಕಬೇಡಿ. ಎಳೆಗಳು ಹೆಪ್ಪಿಗೆ ಅಂಟಿಕೊಂಡು, ತೆಗೆಯುವಾಗ ಗಾಯವನ್ನೂ ಕಿತ್ತು ತರುತ್ತವೆ. ಐಸ್ ಇಟ್ಟರೆ ತಪ್ಪಿಲ್ಲ, ಆದರೆ ಐಸ್ ಇಟ್ಟೆ ಅಂತ ಒತ್ತುವುದನ್ನು ಬಿಡಬೇಡಿ.

ನಿಂತ ಮೇಲೆ ಒಂದು ದಿನ ಮೂಗು ಸೀನುವುದು, ಕೆರೆಯುವುದು, ಕುಣಿದಾಟ ಬೇಡ. ಉಗುರು ಕತ್ತರಿಸಿ. ಮೂಗು ಒಣಗುವ ಮಕ್ಕಳಿಗೆ ಬರೀ ಉಪ್ಪುನೀರಿನ ಹನಿ ಸಾಕು. ಕಟ್ಟಿದ ಮೂಗು ಬಿಡಿಸುವ ಸ್ಪ್ರೇಗಳನ್ನು ವೈದ್ಯರನ್ನು ಕೇಳದೆ ಹಾಕಬೇಡಿ. 16 ವರ್ಷದೊಳಗಿನವರಿಗೆ ವೈದ್ಯರು ಹೇಳದ ಹೊರತು ಆಸ್ಪಿರಿನ್ ಕೊಡಲೇಬಾರದು. ಮಿದುಳು, ಯಕೃತ್ತಿಗೆ ಹಾನಿ ಮಾಡುವ ರೇ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯ ಭಯವೇ ಇದಕ್ಕೆ ಮುಖ್ಯ ಕಾರಣ. ಜೊತೆಗೆ ಅದು ರಕ್ತ ಹೆಪ್ಪುಗಟ್ಟುವುದಕ್ಕೂ ಅಡ್ಡಿ.

ಎರಡು ಸಲ ಹತ್ತತ್ತು ನಿಮಿಷ ಸರಿಯಾಗಿ ಹಿಡಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟು ಬಿದ್ದು ರಕ್ತ ಬಂದಿದ್ದರೆ, ಅಥವಾ ಮಗುವಿಗೆ 2 ವರ್ಷ ತುಂಬಿಲ್ಲದಿದ್ದರೆ ಕಾಯುವುದೇ ಬೇಡ. ಹದಿಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಕಟ್ಟಿಕೊಂಡು ಪದೇಪದೇ ರಕ್ತ ಬರುತ್ತಿದ್ದರೆ ಇಎನ್‌ಟಿ ವೈದ್ಯರು ನೋಡಬೇಕು, ಒಳಗೆ ಗಡ್ಡೆ ಇರಬಹುದು.

ಇನ್ನೊಂದು. ಬೀಳದಿದ್ದರೂ ಮೈಮೇಲೆ ನೀಲಿ ಕಲೆ, ಒಸಡಲ್ಲಿ ರಕ್ತ, ಹುಡುಗಿಯರಿಗೆ ಮುಟ್ಟಿನಲ್ಲಿ ವಿಪರೀತ ಸ್ರಾವ, ಇವೂ ಜೊತೆಗಿದ್ದರೆ ವೈದ್ಯರಿಗೆ ಬಿಡಿಸಿ ಹೇಳಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಗಂಡುಮಕ್ಕಳ ಕಾಯಿಲೆ ಅಂತ ಸುಮ್ಮನಾಗುವವರಿದ್ದಾರೆ. ಆದರೆ ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ರಕ್ತಸ್ರಾವದ ಕಾಯಿಲೆ ಹುಡುಗಿಯರಿಗೂ ಅಷ್ಟೇ ಬರುತ್ತದೆ. ಹೋಗುವಾಗ ಯಾವ ಹೊಳ್ಳೆ, ಎಷ್ಟು ನಿಮಿಷ, ತಿಂಗಳಿಗೆ ಎಷ್ಟು ಸಲ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.