ಶಹಾಬಾದ್ ಕಲ್ಲಿನ ಕೋಸ್ಟರ್: ಅಚ್ಚು ನಿಂತಿದ್ದು ಹೇಗೆ

ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನಲ್ಲಿ, ಅಂದರೆ ಪರಸಿಯಲ್ಲಿ, ಲೋಟದ ಕೆಳಗೆ ಇಡುವ ಕೋಸ್ಟರ್ ಮಾಡಿ ಮಾರುತ್ತೇನೆ. ಆ ಕಲ್ಲಿನ ಮೇಲೆ ಕೈಯಿಂದ ಒತ್ತಿದ ಬಣ್ಣದ ಅಚ್ಚು ನಿಲ್ಲುತ್ತದೆ. ಬಿಸಿ ಚಹಾದ ಸ್ಟೀಲ್ ಲೋಟ ಇಟ್ಟರೂ, ಐಸ್ ನೀರಿನ ಗ್ಲಾಸ್ ಬೆವರಿದರೂ, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಯಾಕೆಂದರೆ ಕಲಬುರಗಿಯಲ್ಲಿ ನಾನು ಕೇಳಿದವರೆಲ್ಲ ಆಗುವುದಿಲ್ಲ ಅಂದಿದ್ದರು. ಕಲ್ಲು ಕೊಯ್ದು ಕೊಡುವ ಮಷೀನಿನವರು, "ಸರ, ಪರಸಿ ಮ್ಯಾಲ ಬಣ್ಣ ನಿಲ್ಲಂಗಿಲ್ರಿ, ಸುಮ್ನ ರೊಕ್ಕ ಯಾಕ ಹಾಳ ಮಾಡ್ತೀರಿ" ಅಂದರು. ನಮ್ಮ ಭಾವ, "ತಮ್ಮಾ, ಗ್ರಾನೈಟ್ ಮ್ಯಾಲ ಸ್ಟಿಕ್ಕರ್ ಹಚ್ಚಿ ಮಾರು, ಯಾರಿಗೆ ಗೊತ್ತಾಗ್ತದ" ಅಂದರು. ಈಗ ಅದೇ ಭಾವನ ಮನೆಯ ಟೀಪಾಯಿ ಮೇಲೆ ನನ್ನ ಆರು ಕೋಸ್ಟರ್ ಇವೆ. ಒಂದು ವರ್ಷ ದಾಟಿತು. ಒಂದರ ಗೆರೆಯೂ ಅಳಿಸಿಲ್ಲ.

ಕಲ್ಲು ಕೊಯ್ಯುವುದು, ಅಂಚು ಮೊಂಡು ಮಾಡುವುದು ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಮನೆಗೆ ಹಾಸುವ ದಪ್ಪ ಪರಸಿ ತಗೋಬೇಡಿ. ಮಷೀನಿನಲ್ಲಿ ಕೊಯ್ದ ತೆಳು ಕಲ್ಲಿನ ತುಂಡುಗಳನ್ನೇ ಕೇಳಿ. ನಾಲ್ಕು ಇಂಚು ಚೌಕ, ಒಂದು ಸೆಂಟಿಮೀಟರ್ ದಪ್ಪ ಇದ್ದರೆ ಒಂದೊಂದು ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಇನ್ನೂ ದಪ್ಪ ಆದರೆ ಕೊರಿಯರ್ ಖರ್ಚಿನಲ್ಲೇ ಲಾಭ ಹೋಗುತ್ತದೆ. ತೀರಾ ತೆಳು ಆದರೆ ಪದರ ಬಿಡುತ್ತದೆ. ನನಗೆ ಕಟಿಂಗ್ ಸೇರಿ ಒಂದು ತುಂಡು ಏಳೆಂಟು ರೂಪಾಯಿಗೆ ಬೀಳುತ್ತದೆ.

ಇದು ಸುಣ್ಣದ ಕಲ್ಲು ಅನ್ನೋದನ್ನ ಮಾತ್ರ ಮರೆಯಬಾರದು. ಶಹಾಬಾದ್, ವಾಡಿ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದೇ ಈ ಸುಣ್ಣದ ಕಲ್ಲಿಗಾಗಿ. ಒಂದು ಹನಿ ನಿಂಬೆರಸ ಬಿಟ್ಟು ನೋಡಿ, ನೊರೆ ಏಳುತ್ತದೆ. ಮುಂದೆ ನನಗೆ ಕಾಟ ಕೊಟ್ಟ ಒಂದು ತೊಂದರೆಯ ಬೇರು ಇಲ್ಲೇ ಇತ್ತು.

ಮೊದಲು ಕೈಕೊಟ್ಟಿದ್ದು ಸ್ಟಾಂಪ್ ಪ್ಯಾಡಿನ ಇಂಕು. ಅದು ಕಾಗದಕ್ಕೆ ಮಾಡಿದ್ದು. ಕಾಗದ ಅದನ್ನು ಹೀರಿಕೊಳ್ಳುತ್ತದೆ, ಕಲ್ಲು ಅಷ್ಟು ಹೀರುವುದಿಲ್ಲ, ಅದರ ಮೇಲೆ ಇಂಕು ಒಣಗುವುದೇ ಇಲ್ಲ. ಎರಡು ದಿನ ಬಿಟ್ಟು ಮುಟ್ಟಿದರೂ ಬೆರಳಿಗೆ ನೀಲಿ ಹತ್ತುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಮೇಲೂ ನಿಲ್ಲುವ ಥಿನ್ನರ್ ವಾಸನೆಯ ಇಂಕು ತರಿಸಿದೆ. ಅಚ್ಚು ಚೆನ್ನಾಗಿ ಮೂಡಿತು, ಬೇಗ ಒಣಗಿತು. ಅಚ್ಚು ಕಾಪಾಡಲು ಮೇಲೆ ಅಕ್ರಿಲಿಕ್ ವಾರ್ನಿಷ್ ಸ್ಪ್ರೇ ಹೊಡೆದ ಕೂಡಲೇ ಗೆರೆಗಳೆಲ್ಲ ಕರಗಿ ಹರಿದವು. ಇಂಕಿನಲ್ಲೂ ಥಿನ್ನರ್ ಜಾತಿಯ ದ್ರವ, ಸ್ಪ್ರೇಯಲ್ಲೂ ಅದೇ. ಎರಡೂ ಒಂದಾದರೆ ಕೆಳಗಿನದು ಎದ್ದು ಬರದೆ ಇರುತ್ತದಾ?

ಅಕ್ರಿಲಿಕ್ ಸ್ಪ್ರೇದು ಇನ್ನೊಂದು ಕಾಟ. ಬಿಸಿ ಲೋಟ ಇಟ್ಟರೆ ಮೆತ್ತಗಾಗಿ ಲೋಟದ ತಳಕ್ಕೆ ಅಂಟುತ್ತದೆ. ಲೋಟ ಎತ್ತಿದರೆ ಕೋಸ್ಟರೂ ಮೇಲೆ ಬರುತ್ತದೆ, ಅಥವಾ ಗುಂಡಗೆ ಸಿಪ್ಪೆ ಏಳುತ್ತದೆ. ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟು ರಾಳ, ಸುರಿದು ನೋಡಿದೆ. ಗಾಜಿನ ಹಾಗೆ ಹೊಳೆಯಿತು, ಫೋಟೋದಲ್ಲಿ ಬಹಳ ಚೆಂದ. ಆದರೆ ಕರಕುಶಲಕ್ಕೆ ಮಾರುವ ಸಾಮಾನ್ಯ ಎಪಾಕ್ಸಿ ಐವತ್ತು ಅರವತ್ತು ಡಿಗ್ರಿಗೇ ಮೆತ್ತಗಾಗುತ್ತದೆ. ನಮ್ಮ ಚಹಾ ಅದಕ್ಕಿಂತ ಜಾಸ್ತಿ ಬಿಸಿ. ಲೋಟದ ಉಂಗುರ ಅಚ್ಚಾಗಿ ಉಳಿಯಿತು. ಕಿಟಕಿಯ ಹತ್ತಿರ ಇಟ್ಟದ್ದು ಹಳದಿಯಾಯಿತು.

ಬಡಗಿಗಳು ಮರಕ್ಕೆ ಹೊಡೆಯುವ ಮೆಲಮೈನ್ ಪಾಲಿಷ್ ಗಟ್ಟಿ ಅಂತ ಅದನ್ನೂ ಹೊಡೆಸಿದೆ. ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಆಸಿಡ್ ಇರುತ್ತದೆ, ಸುಣ್ಣದ ಕಲ್ಲು ಆಸಿಡ್ಡನ್ನು ತಿಂದುಬಿಡುತ್ತದೆ. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ಉಗುರಿಗೆ ಹಾಳೆಯಾಗಿ ಎದ್ದು ಬಂತು. ಮಳೆಗಾಲದಲ್ಲಿ ಹೊಡೆದ ಎನ್‌ಸಿ ಲ್ಯಾಕರ್, ಅಂದರೆ ಬೇಗ ಒಣಗುವ ಮರದ ಪಾಲಿಷ್, ಬೆಳ್ಳಗೆ ಮಂಜಾಯಿತು. ಅದು ಗಾಳಿಯ ತೇವ.

ಈ ಹಂತದಲ್ಲಿ ಕೊಟ್ಟ ಆರ್ಡರ್‌ಗಳ ದುಡ್ಡು ವಾಪಸ್, ಕೆಟ್ಟ ಸಾಮಾನು, ಒಡೆದ ಕಲ್ಲು ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ ಹೋಗಿರಬೇಕು. ಎಪಾಕ್ಸಿಯೊಂದೇ ಮೂರು ಸಾವಿರದ ಹತ್ತಿರ ತಿಂದಿತು.

ಕೊನೆಗೆ ಕೆಲಸ ಆಗಿದ್ದು ಕ್ರಮ ತಿರುಗಿಸಿದಾಗ. ನಾವೆಲ್ಲ ಅಚ್ಚು ಒತ್ತಿ ಆಮೇಲೆ ಸೀಲ್ ಮಾಡುತ್ತೇವೆ, ಅಂದರೆ ಮೇಲೆ ರಕ್ಷಣೆಯ ಪದರ ಹಚ್ಚುತ್ತೇವೆ. ನಾನು ಮೊದಲು ಸೀಲ್ ಮಾಡಿ, ಆಮೇಲೆ ಅಚ್ಚು ಒತ್ತಿ, ಮತ್ತೆ ಸೀಲ್ ಮಾಡುತ್ತೇನೆ. ಕಲ್ಲಿನ ಸಣ್ಣ ರಂಧ್ರಗಳು ಸ್ವಲ್ಪ ಹೀರಿದರೂ ಇಂಕು ಹರಡುತ್ತದೆ. ಆ ರಂಧ್ರಗಳನ್ನು ಮೊದಲೇ ಮುಚ್ಚಿದರೆ ಗೆರೆ ಹರಡುವುದಿಲ್ಲ, ಒತ್ತಿದ ಹಾಗೇ ನಿಲ್ಲುತ್ತದೆ.

ಸೀಲ್‌ಗೆ ಪಿಯು, ಅಂದರೆ ಪಾಲಿಯುರೆಥೇನ್ ವಾರ್ನಿಷ್. ಒಂದು ಡಬ್ಬಿಗೆ ಇನ್ನೊಂದು ಡಬ್ಬಿಯ ಹಾರ್ಡನರ್ ಬೆರೆಸುವಂಥದ್ದು, ಹೊಳಪಿಲ್ಲದ ಮ್ಯಾಟ್. ಆದರೆ ಪಿಯುಗೆ ಒದ್ದೆ ಕಲ್ಲು ಆಗಿಬರುವುದಿಲ್ಲ. ಅದರ ಹಾರ್ಡನರ್ ನೀರು ಕಂಡರೆ ಗ್ಯಾಸ್ ಬಿಡುತ್ತದೆ, ಪದರದ ತುಂಬ ಸಣ್ಣ ಗುಳ್ಳೆ ಏಳುತ್ತವೆ. ಹಾಗಾಗಿ ಕಲ್ಲು ತೊಳೆದ ಮೇಲೆ ಒಣಗಿಸುವುದೇ ಅರ್ಧ ಕೆಲಸ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ತಾರಸಿ ಮೇಲೆ ಎರಡು ಮೂರು ದಿನ ಬಿಟ್ಟರೆ ಸಾಕು. ಮಳೆಗಾಲದಲ್ಲಿ ಓವನ್‌ನಲ್ಲಿ ನೂರು ಡಿಗ್ರಿಗೆ ಒಂದೆರಡು ಗಂಟೆ. ತಣ್ಣಗಿನ ಓವನ್‌ನಲ್ಲೇ ಇಟ್ಟು ನಿಧಾನಕ್ಕೆ ಬಿಸಿ ಮಾಡಬೇಕು. ಒಮ್ಮೆಲೇ ಕಾಸಿದರೆ ಒಳಗಿನ ತೇವ ಕಲ್ಲಿನ ಪದರ ಸೀಳುತ್ತದೆ. ತೂಕ ಹಾಕಿ ನೋಡುವುದು ಒಳ್ಳೆಯದು. ತೂಕ ಇಳಿಯುವುದು ನಿಂತರೆ ಕಲ್ಲು ಒಣಗಿದೆ ಅಂತ.

ಮೊದಲ ಕೈ ಬಹಳ ತೆಳು. ಪಿಯುಗೆ ಅಷ್ಟೇ ಥಿನ್ನರ್ ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಹತ್ತು ನಿಮಿಷದಲ್ಲಿ ಒಣ ಬಟ್ಟೆಯಿಂದ ಪೂರ್ತಿ ಒರೆಸುತ್ತೇನೆ. ಮೇಲೆ ಏನೂ ಉಳಿಯಬಾರದು, ಒಳಗೆ ಮಾತ್ರ ಇರಬೇಕು. ಇದರಿಂದ ಕಲ್ಲಿನ ಬೂದು ಬಣ್ಣಕ್ಕೆ ನೀಲಿ ಛಾಯೆಯೂ ಬರುತ್ತದೆ, ಅದು ನನಗೆ ಇಷ್ಟ. ಮಾರನೇ ದಿನ 400 ನಂಬರ್ ಎಮರಿ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಅಚ್ಚು ಒತ್ತುತ್ತೇನೆ.

ಬಣ್ಣಕ್ಕೆ ನೀರಿನ ಅಕ್ರಿಲಿಕ್. ಇದು ಪೂರ್ತಿ ಒಣಗಿದ ಮೇಲೆ ಪಿಯು ಥಿನ್ನರ್‌ಗೆ ಸುಲಭಕ್ಕೆ ಏಳುವುದಿಲ್ಲ. ಸ್ಪಂಜಿನ ಸಣ್ಣ ರೋಲರ್‌ನಿಂದ ಅಚ್ಚಿಗೆ ತೆಳುವಾಗಿ ಹಚ್ಚಬೇಕು. ಕಲಬುರಗಿ ಸೆಕೆಯಲ್ಲಿ ಅದು ಅಚ್ಚಿನ ಮೇಲೇ ಒಣಗುತ್ತದೆ. ಅದಕ್ಕೆ ನಾನು ಒಂದು ವಸ್ತು ಎರಡು ಹನಿ ಬೆರೆಸುತ್ತೇನೆ. ಅದೇನು ಅನ್ನೋದನ್ನ ಮಾತ್ರ ಕೇಳಬೇಡಿ, ಅದೇ ನನ್ನ ಅನ್ನ. ನನ್ನ ಕೋಸ್ಟರಿನ ಅಂಚಿಗೆ ಕಪ್ಪು ಗೆರೆ ಹೇಗೆ ಬರುತ್ತದೆ ಅಂತಲೂ ಕೆಲವರು ಕೇಳಿದ್ದಾರೆ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಚ್ಚಿನ ವಿಷಯ ಮುಚ್ಚಿಡುವುದಿಲ್ಲ. ಮರದ ಅಚ್ಚು ಬಟ್ಟೆಗೆ ಸರಿ. ಕಲ್ಲಿನ ಮೇಲೆ ಸಣ್ಣ ಏರುತಗ್ಗು ಇರುತ್ತದೆ, ಗಟ್ಟಿ ಅಚ್ಚು ತಗ್ಗಿಗೆ ಮುಟ್ಟುವುದಿಲ್ಲ. ರಬ್ಬರ್ ಅಚ್ಚು ಮಾಡಿಸಿ, ಅದರ ಹಿಂದೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಅಂಟಿಸಿ. ಹೊಸ ಜೋಡಿ ಬೇಕಾಗಿಲ್ಲ. ಒತ್ತುವಾಗ ಅಂಗೈ ಪೂರ್ತಿ ಇಟ್ಟು ನೇರ ಕೆಳಗೆ ಒತ್ತಿ, ನೇರ ಮೇಲೆ ಎತ್ತಿ. ಅಲುಗಾಡಿಸಬೇಡಿ. ತಪ್ಪಿದರೆ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಪೂರ್ತಿ ಹೋಗುತ್ತದೆ. ಮೊದಲೇ ಸೀಲ್ ಮಾಡಿದ್ದರ ದೊಡ್ಡ ಲಾಭ ಇದು. ಮೊದಲು ನೂರಕ್ಕೆ ಮೂವತ್ತು ಕಲ್ಲು ಹಾಳಾಗುತ್ತಿತ್ತು, ಈಗ ಐದಾರು.

ನನ್ನ ಅಚ್ಚುಗಳಲ್ಲಿ ಜಾಸ್ತಿ ಕಸೂತಿಯವು. ಗೋಪುರ, ತೇರು, ತುಳಸಿಕಟ್ಟೆ. ಕಸೂತಿ ಎಳೆ ನೇರ ಗೆರೆಗಳಲ್ಲೇ ಓಡುತ್ತದೆ, ಚೌಕ ಕಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಒಂದು ಕಮಲದ ಅಚ್ಚೂ ಇದೆ. ನಮ್ಮ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿ ಬೌದ್ಧ ಸ್ತೂಪ ನೋಡಿ ಬಂದ ಮೇಲೆ ಬರೆದದ್ದು. ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಜಾಗ ಅದು. ಅಲ್ಲಿಯ ಶಿಲ್ಪಗಳೂ ಸುಣ್ಣದ ಕಲ್ಲಿನವೇ. ನಮ್ಮ ಕಲ್ಲಿನ ಮೇಲೆ ಕೆಲಸ ನಿಲ್ಲುವುದಿಲ್ಲ ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಅಚ್ಚು ಒಂದು ದಿನ ಒಣಗಿದ ಮೇಲೆ ಪಿಯು ಎರಡು ಕೈ, ಸ್ಪ್ರೇ ಗನ್‌ನಲ್ಲಿ. ಮೊದಲನೆಯದು ಮಂಜು ಬಿದ್ದಷ್ಟೇ. ಇಲ್ಲಿ ಆತುರಪಟ್ಟು ಒದ್ದೆಯಾಗಿ ಹೊಡೆದರೆ ಅಕ್ರಿಲಿಕ್ಕೂ ಏಳುತ್ತದೆ. ಮಾಸ್ಕ್ ಹಾಕಿ, ಹೊರಗೆ ಹೊಡೆಯಿರಿ. ಆ ಹಾರ್ಡನರ್ ಶ್ವಾಸಕ್ಕೆ ಬಹಳ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡರೆ ಸಾಲದು. ಒಂದು ವಾರ ಬಿಸಿ ಲೋಟ ಇಡಬಾರದು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ಗಟ್ಟಿಯಾಗುತ್ತಲೇ ಇರುತ್ತದೆ. ತಳಕ್ಕೆ ಕಾರ್ಕ್ ಹಾಳೆ. ಕಪ್ಪು ರಬ್ಬರ್ ಹಾಕಿದರೆ ಪಾಲಿಷ್ ಟೇಬಲ್ ಮೇಲೆ ಕಲೆ ಬೀಳುತ್ತದೆ.

ನನ್ನ ಪರೀಕ್ಷೆ ಸುಲಭ. ಅರಿಶಿನ, ಶೇಂಗಾ ಎಣ್ಣೆ, ನಿಂಬೆ ಹೋಳು, ಮೂರನ್ನೂ ರಾತ್ರಿ ಮೇಲೆ ಇಟ್ಟು ಬೆಳಿಗ್ಗೆ ತೊಳೆಯುತ್ತೇನೆ. ನಿಂಬೆ, ಎಣ್ಣೆ ಏನೂ ಮಾಡಲಿಲ್ಲ. ಅರಿಶಿನದ ತಿಳಿ ಹಳದಿ ಉಳಿಯಿತು, ಬಿಸಿಲಿಗೆ ಇಟ್ಟ ಮೇಲೆ ಅದೂ ಹೋಯಿತು. ಒಲೆಯಿಂದ ಇಳಿಸಿದ ಬಾಣಲೆ ಮಾತ್ರ ಇಡಬೇಡಿ ಅಂತ ಡಬ್ಬದ ಮೇಲೇ ಬರೆದಿರುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಗಸೆ ಎಣ್ಣೆ ಕಲ್ಲಿಗೆ ಒಳ್ಳೆಯ ಬಣ್ಣ ಕೊಟ್ಟಿತು, ಆದರೆ ಮಳೆಗಾಲ ಪೂರ್ತಿ ಅಂಟಂಟು. ಆ ಎಣ್ಣೆಯ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾವು ಏರಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿ. ಮಂಗಳೂರು ಹಂಚಿನ ತುಂಡು ಪಿಯು ಕುಡಿದದ್ದೇ ಕುಡಿದದ್ದು, ಲೆಕ್ಕಕ್ಕೆ ಬರಲಿಲ್ಲ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಕಡಪ ಕಲ್ಲು. ಅದೂ ಸುಣ್ಣದ ಜಾತಿಯೇ, ಕಪ್ಪು. ಪಾಲಿಷ್ ಆದ ಕಲ್ಲಿನ ಮೇಲೆ ವಾರ್ನಿಷ್‌ನಿಂದ ಅಚ್ಚು ಒತ್ತಿ, ಒಣಗಿಸಿ, ವಿನೆಗರ್‌ನಲ್ಲಿ ಮುಳುಗಿಸಿದೆ. ಬಯಲಾದ ಭಾಗ ಬೂದಿ ಬಣ್ಣಕ್ಕೆ ತಿರುಗಿತು. ವಾರ್ನಿಷ್ ತೆಗೆದರೆ ಕೆಳಗೆ ಹೊಳೆಯುವ ಕಪ್ಪು ಕಮಲ. ಬಣ್ಣವೇ ಇಲ್ಲ, ಅಳಿಸಿಹೋಗುವ ಪ್ರಶ್ನೆಯೂ ಇಲ್ಲ. ಅಂಚು ಇನ್ನೂ ಅಷ್ಟು ಚೂಪಾಗಿ ಬರುತ್ತಿಲ್ಲ, ಎಷ್ಟು ಹೊತ್ತು ಮುಳುಗಿಸಬೇಕು ಅನ್ನೋದರ ಮೇಲೆ ಕೆಲಸ ನಡೆದಿದೆ.

ಲೆಕ್ಕಕ್ಕೆ ಬಂದರೆ, ಕಲ್ಲು, ಪಿಯು, ಬಣ್ಣ, ಕಾರ್ಕ್ ಸೇರಿ ಒಂದಕ್ಕೆ ಇಪ್ಪತ್ತೆಂಟು ಮೂವತ್ತು ರೂಪಾಯಿ. ನಾಲ್ಕರ ಸೆಟ್‌ಗೆ ಡಬ್ಬ ನಲವತ್ತು. ಸೆಟ್ 550ಕ್ಕೆ ಕೊಡುತ್ತೇನೆ, ಕೊರಿಯರ್ ಬೇರೆ. ಡಬ್ಬ ಸೇರಿ ಒಂದೂಕಾಲು ಕೆಜಿ ಆಗುವುದರಿಂದ ಬೆಂಗಳೂರಿಗೆ ನೂರಿಪ್ಪತ್ತರಿಂದ ನೂರೈವತ್ತು ಬೀಳುತ್ತದೆ. ಕಲ್ಲುಗಳನ್ನು ಮಲಗಿಸಿ ಕಳಿಸಿದರೆ ಕೆಳಗಿನದು ಒಡೆಯುತ್ತದೆ. ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ, ನಡುವೆ ರಟ್ಟು ಕೊಟ್ಟು ಬಿಗಿಯಾಗಿ ಪ್ಯಾಕ್ ಮಾಡಿ. ಹಾಗೆ ಕಳಿಸಲು ಶುರು ಮಾಡಿದ ಮೇಲೆ ಒಡೆದು ವಾಪಸ್ ಬಂದ ಸೆಟ್ ಒಂದೂ ಇಲ್ಲ.