ಫ್ಲೆಕ್ಸ್ ಆಮೇಲೆ, ಮೊದಲು ಠರಾವು ಪುಸ್ತಕ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹಳ್ಳಿಗೊಂದು ಯುವಕ ಸಂಘದ ಫ್ಲೆಕ್ಸ್ ಕಾಣುತ್ತದೆ. ಅದರಲ್ಲಿ ಮೂವತ್ತು ಮುಖ. ‘ಸಂಘ ನೋಂದಣಿ ಆಗಿದೆಯಾ?’ ಅಂತ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕೆಲವು ದೇಶಗಳಲ್ಲಿ ಯುವ ಸಂಘಗಳೇ ಒಟ್ಟಾಗಿ ರಾಷ್ಟ್ರೀಯ ಯುವ ಮಂಡಳಿ ಕಟ್ಟಿಕೊಂಡು ಸರ್ಕಾರದ ಜೊತೆ ಮಾತಾಡುತ್ತವೆ. ನಮ್ಮಲ್ಲಿ ಸರ್ಕಾರವೇ 1972ರಲ್ಲಿ ನೆಹರು ಯುವ ಕೇಂದ್ರ ಶುರು ಮಾಡಿ ಹಳ್ಳಿ ಸಂಘಗಳನ್ನು ಜೋಡಿಸಿಕೊಂಡಿತು. 2023ರ ಅಕ್ಟೋಬರ್ 31ಕ್ಕೆ ಕೇಂದ್ರ ಸರ್ಕಾರದ್ದೇ ಯುವ ಸಂಸ್ಥೆ ‘ಮೇರಾ ಯುವ ಭಾರತ್’ ಬಂತು. 15ರಿಂದ 29 ವರ್ಷದವರು ಅದರ ಪೋರ್ಟಲ್‌ನಲ್ಲಿ ಹೆಸರು ಬರೆಸಬಹುದು. ಮೇಲೆ ಏನೇ ಇರಲಿ, ಊರಿನ ಸಂಘ ಗಟ್ಟಿ ಇಲ್ಲದಿದ್ದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಮೊದಲು ಜನ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಇದ್ದರೆ ಸಾಕು. ಸಹಿ ಹಾಕುವವರಿಗೆ 18 ತುಂಬಿರಲಿ. ಸುಮ್ನೆ ಮೂವತ್ತು ಹೆಸರು ತುಂಬಬೇಡಿ. ಸುಗ್ಗಿ ಮುಗಿದರೆ ಅರ್ಧ ಹುಡುಗರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಸಭೆ ನಡೆಸಲು ಬೇಕಾದಷ್ಟು ಜನ, ಅಂದರೆ ಕೋರಂ, ತುಂಬುವುದಿಲ್ಲ. ಬ್ಯಾಂಕ್ ಖಾತೆಗೆ ಸಹಿ ಹಾಕುವ ಇಬ್ಬರು ವರ್ಷಪೂರ್ತಿ ಊರಲ್ಲೇ ಇರುವವರಾಗಲಿ. ಕಿರಾಣಿ ಅಂಗಡಿಯವನೋ, ಹೈನು ಮಾಡುವವನೋ ಸಿಗುತ್ತಾನೆ. ಊರಿನ ಸೊಸೆಯಂದಿರನ್ನೂ ಸೇರಿಸಿಕೊಳ್ಳಿ. ಯುವಕ ಸಂಘ ಅಂದರೆ ಬರೀ ಗಂಡು ಹುಡುಗರದ್ದು ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಮುಂದೆ ಬೈಲಾ, ಅಂದರೆ ಸಂಘದ ನಿಯಮಾವಳಿ. ಇಲ್ಲಿ ಅವಸರ ಬೇಡ. ಬೇರೆ ಊರಿನ ಬೈಲಾ ತಂದು ಹೆಸರು ತಿದ್ದುವುದು ರೂಢಿ. ಆದರೆ ವಾರ್ಷಿಕ ಸಭೆ ಯಾವಾಗ ಎಂಬುದನ್ನು ನೀವೇ ಕೂತು ಯೋಚಿಸಿ. ಅಲಾಯಿ ಹಬ್ಬಕ್ಕೆ (ಮೊಹರಂಗೆ) ಗುಳೆ ಹೋದವರೆಲ್ಲ ಬರುತ್ತಾರೆ ನಿಜ, ಆದರೆ ಅದು ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಯುಗಾದಿ ಕೆಲವು ಸಲ ಮಾರ್ಚ್ 31ಕ್ಕಿಂತ ಮೊದಲೇ ಬಂದುಬಿಡುತ್ತದೆ, ಆಗ ಲೆಕ್ಕ ಮುಗಿದಿರುವುದಿಲ್ಲ. ನನ್ನ ಕೇಳಿದರೆ ಬಸವ ಜಯಂತಿ ಒಳ್ಳೆಯದು. ಲೆಕ್ಕ ಮುಗಿದಿರುತ್ತದೆ, ಮದುವೆಗಳಿಗೆ ಜನ ಊರಿಗೆ ಬಂದಿರುತ್ತಾರೆ.

ಆಮೇಲೆ ಕಾಗದ ಹಿಡಿದು ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಿ. ಎರಡು ಮೂರು ಹೆಸರು ಯೋಚಿಸಿಕೊಂಡು ಹೋಗಿ, ಜೊತೆಗೆ ಊರ ಹೆಸರು ಇರಲಿ. ವಿವೇಕಾನಂದರ ಹೆಸರಿನ ಸಂಘಗಳು ಆಗಲೇ ಬೇಕಾದಷ್ಟಿವೆ. ನೋಂದಣಿ ಆದರೆ ಕೆಲಸ ಮುಗಿಯಲಿಲ್ಲ. ಪ್ರತಿ ವರ್ಷ ಸಭೆ ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಜಮಾ-ಖರ್ಚು ಸಲ್ಲಿಸಬೇಕು. ಜಾಸ್ತಿ ಸಂಘಗಳು ಜಾರಿ ಬೀಳುವುದು ಇಲ್ಲೇ.

ಮೊದಲ ಕೆಲಸ ಚಿಕ್ಕದಿರಲಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಹುಡುಗರಿಗೆ ನೌಕರಿ ಮೀಸಲಾತಿಗೆ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಬೇಕು. ಯಾರಿಗೆ ಯಾವ ದಾಖಲೆ ಕಡಿಮೆ ಇದೆ ಅಂತ ಒಂದು ಪಟ್ಟಿ ಮಾಡಿ, ಜೊತೆಗೆ ಹೋಗಿ ಅರ್ಜಿ ಹಾಕಿಸಿ. ಪಂಚಾಯಿತಿ ಗ್ರಂಥಾಲಯ ಸಂಜೆಯೂ ತೆರೆದಿರಲಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಬಾಯಿಮಾತಲ್ಲಿ ಬೇಡ, ಸಂಘದ ಸಭೆಯ ನಿರ್ಣಯ, ಅಂದರೆ ಠರಾವನ್ನು ಪುಸ್ತಕದಲ್ಲಿ ಬರೆದು ಅದರ ನಕಲು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹಾಂ, ಆ ಠರಾವು ಪುಸ್ತಕ ಯಾರ ಮನೆಯಲ್ಲಿ ಇರಬೇಕು ಎಂಬುದಕ್ಕೂ ಒಂದು ಠರಾವು ಮಾಡಿ. ಅಧ್ಯಕ್ಷರ ಬ್ಯಾಗಿನಲ್ಲಿ ಅದೂ ಬೆಂಗಳೂರಿಗೆ ಗುಳೆ ಹೋದದ್ದನ್ನು ನೋಡಿದ್ದೇನೆ.